ರೇಡಿಯೋ ಕಥೆಯಲ್ಲಿ ಯಾರಿಗೆ ಎಷ್ಟು ಮಾತು?

(ಸಂಘದ ವಾರ್ಷಿಕೋತ್ಸವದ ತಯಾರಿ ಸಭೆಯಲ್ಲಿ ಆಡಿದ ಮಾತು. ಸಂಚಿಕೆಗಾಗಿ ಬರೆದು ಕೊಟ್ಟಿದ್ದೇನೆ.)



ನಾನು ಬೀದರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೇನೆ. ಜಹೀರಾಬಾದ್ ಕಡೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ನಿಮ್ಮೆದುರು ನಿಂತು ಮಾತಾಡಿ ರೂಢಿ ಇಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋರಿ. ನನಗೆ ಕೊಟ್ಟ ವಿಷಯ, ರೇಡಿಯೋ ಕಥೆಯಲ್ಲಿ ಮಾತು, ಸಂಭಾಷಣೆ ಹೇಗೆ ಜೋಡಿಸುತ್ತಾರೆ ಎಂಬುದು. ಈ ವಿಷಯ ಯಾಕೆ ಬಂತು ಎಂದು ನಿಮಗೆ ಗೊತ್ತೇ ಇದೆ. ಈ ಸಲ ನಾಟಕ ಬೇಡ, ಪರದೆ, ಬಣ್ಣ, ಬಾಡಿಗೆ ಎಲ್ಲ ಖರ್ಚು ಬರುತ್ತದೆ, ಅದರ ಬದಲು ಹದಿನೈದು ನಿಮಿಷದ ಒಂದು ಕಥೆಯನ್ನು ರೇಡಿಯೋ ನಾಟಕದ ಹಾಗೆ ರೆಕಾರ್ಡ್ ಮಾಡಿ ಮೈಕಿನಲ್ಲಿ ಕೇಳಿಸೋಣ, ಎಲ್ಲರ ಮೊಬೈಲಿಗೂ ಕಳಿಸೋಣ ಎಂದು ನಾವೇ ತೀರ್ಮಾನ ಮಾಡಿದ್ದೆವು. ಮಾಡಿದೆವು ಕೂಡ. ಮೊದಲ ಸಲ ಪೂರಾ ಕೆಟ್ಟಿತು. ಬರೆದವರು ನಾವು ಮೂವರು, ಕೆಡಿಸಿದ್ದರಲ್ಲಿ ನನ್ನ ಪಾಲೇ ಹೆಚ್ಚು. ಯಾಕೆ ಕೆಟ್ಟಿತು, ಆಮೇಲೆ ಏನು ಮಾಡಿದೆವು, ಅದನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು. ರೇಡಿಯೋದಲ್ಲಿ ಮಾತು ಜೋಡಿಸುವುದು ಮುಖ್ಯವಾಗಿ ಮೂರು ಬಗೆ. ಒಬ್ಬರೇ ಕೂತು ಮಾತಾಡುವುದು ಒಂದು. ಬಾಬಾಸಾಹೇಬರು 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ತಮ್ಮ ಜೀವನ ತತ್ವದ ಬಗ್ಗೆ ಹಾಗೆ ಮಾತಾಡಿದ್ದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನೂ ತಾವು ಫ್ರಾನ್ಸಿನ ಕ್ರಾಂತಿಯಿಂದ ಪಡೆದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದು ಹೇಳಿದ್ದು ಆ ಭಾಷಣದಲ್ಲೇ. ಪ್ರಶ್ನೆ-ಉತ್ತರ ಇನ್ನೊಂದು ಬಗೆ. 1955ರಲ್ಲಿ ಬಿಬಿಸಿಯವರು ಬಾಬಾಸಾಹೇಬರ ಸಂದರ್ಶನ ಮಾಡಿದರು, ಅದರ ಧ್ವನಿ ಈಗಲೂ ಮೊಬೈಲಿನಲ್ಲಿ ಸಿಗುತ್ತದೆ, ಕೇಳಿರದವರು ಕೇಳ್ರಿ. ಮೂರನೆಯದು ಕಥೆ, ನಾಟಕ. ಇಲ್ಲಿ ಹಲವು ಜನ ಮಾತಾಡುತ್ತಾರೆ, ನಡುವೆ ಕಥೆ ಹೇಳುವ ನಿರೂಪಕ ಇರಬಹುದು, ಇಲ್ಲದಿರಬಹುದು. ನಾವು ಎಡವಿದ್ದು ಈ ಮೂರನೆಯದರಲ್ಲಿ.

ರಂಗದ ಮೇಲಿನ ನಾಟಕಕ್ಕೂ ರೇಡಿಯೋ ನಾಟಕಕ್ಕೂ ದೊಡ್ಡ ಫರಕು ಒಂದೇ. ರಂಗದ ಮೇಲೆ ಒಬ್ಬ ಜೀತದಾಳು ಮೂಲೆಯಲ್ಲಿ ಕೈಕಟ್ಟಿ ನಿಂತರೆ ಸಾಕು. ನಾಟಕ ಮುಗಿಯುವ ತನಕ ಒಂದು ಮಾತು ಆಡದಿದ್ದರೂ ಕೂತವರಿಗೆ ಅವನು ಕಾಣುತ್ತಾನೆ. ಅವನ ತಗ್ಗಿದ ತಲೆಯೇ ಮಾತಾಡುತ್ತದೆ. ರೇಡಿಯೋದಲ್ಲಿ ಹಾಗಲ್ಲ. ಅಲ್ಲಿ ಅವನು ಕೆಮ್ಮಬೇಕು, ಅವನ ಹೆಜ್ಜೆ ಸಪ್ಪಳ ಕೇಳಬೇಕು, ಇಲ್ಲ ಯಾರಾದರೂ ಅವನನ್ನು ಮಾತಾಡಿಸಬೇಕು. ಇದ್ಯಾವುದೂ ಇಲ್ಲದಿದ್ದರೆ ಆ ಆಳು ಆ ಮನೆಯಲ್ಲಿ ಇಲ್ಲವೇ ಇಲ್ಲ. ಐದು ನಿಮಿಷ ಧ್ವನಿ ಕೇಳದ ಪಾತ್ರವನ್ನು ಕೇಳುವವರು ಮರೆತುಬಿಡುತ್ತಾರೆ.

ರೇಡಿಯೋಕ್ಕೆಂದೇ ಬರೆದ ಮೊದಲ ನಾಟಕ ಎಂದು ಹೇಳುವುದು ರಿಚರ್ಡ್ ಹ್ಯೂಸ್ ಬರೆದ 'ಡೇಂಜರ್' ಎಂಬುದನ್ನು. 1924ರ ಜನವರಿಯಲ್ಲಿ ಬಿಬಿಸಿಯಿಂದ ಪ್ರಸಾರ ಆಯಿತು. ಕಲ್ಲಿದ್ದಲು ಗಣಿ ನೋಡಲು ಬಂದ ಒಬ್ಬ ಹುಡುಗ, ಒಬ್ಬ ಹುಡುಗಿ, ಒಬ್ಬ ಮುದುಕ ನೆಲದೊಳಗೆ ಸಿಕ್ಕಿಕೊಳ್ಳುತ್ತಾರೆ. ಮೊದಲಿಗೇ ದೀಪ ಆರಿಹೋಗುತ್ತದೆ. ಅಂದರೆ ಪಾತ್ರಗಳಿಗೂ ಕಾಣುವುದಿಲ್ಲ, ಮನೆಯಲ್ಲಿ ಕೂತು ಕೇಳುವವರಿಗೂ ಕಾಣುವುದಿಲ್ಲ. ಇಬ್ಬರೂ ಒಂದೇ ಕತ್ತಲಲ್ಲಿ. ಹಾಗಾಗಿ ಅವರು ಒಬ್ಬರನ್ನೊಬ್ಬರು ಕೂಗಿ ಕೇಳುವುದು, ಎಲ್ಲಿದ್ದೀ ಎನ್ನುವುದು, ನೀರು ಬರುತ್ತಿದೆ ಎನ್ನುವುದು ಎಲ್ಲ ಸಹಜವಾಗಿ ಕೇಳುತ್ತದೆ. ಇದು ಬಹಳ ಜಾಣತನದ ಜೋಡಣೆ. ಆದರೆ ನನಗೆ ಅದರಲ್ಲಿ ಇನ್ನೊಂದು ಕೇಳಿಸಿತು. ಆ ನಾಟಕದಲ್ಲಿ ಗಣಿ ಕಾರ್ಮಿಕರೂ ಇದ್ದಾರೆ, ದೂರದಿಂದ ಅವರ ಹಾಡು ಕೇಳುತ್ತದೆ. ಮಾತೆಲ್ಲ ಗಣಿ ನೋಡಲು ಬಂದವರದು, ಗಣಿಯಲ್ಲೇ ದುಡಿಯುವವರಿಗೆ ಹಿನ್ನೆಲೆಯ ಹಾಡು. ನಮ್ಮ ಸಿನಿಮಾ, ನಾಟಕ, ಕಥೆಗಳಲ್ಲಿ ನಮ್ಮವರಿಗೆ ಸಿಕ್ಕಿದ್ದೂ ಎಷ್ಟೋ ಸಲ ಇದೇ ಅಲ್ಲವೇ? ಹಲಗೆ ಬಾರಿಸುವಾಗ ಬೇಕು, ಮಾತಾಡುವಾಗ ಬೇಡ.

ಈಗ ನಮ್ಮ ಕಥೆಗೆ ಬರ್ತೀನಿ. ನಾವು ಆರಿಸಿಕೊಂಡದ್ದು ನಮ್ಮ ಆಯಿ ಸಣ್ಣಾಕಿ ಇದ್ದಾಗ ಊರ ಬಾವಿಗೆ ನೀರಿಗೆ ಹೋಗುತ್ತಿದ್ದ ಕಥೆ. ಬಾವಿ ಮುಟ್ಟುವಂತಿಲ್ಲ. ಖಾಲಿ ಕೊಡ ಇಟ್ಟುಕೊಂಡು ದೂರ ಕೂಡಬೇಕು. ಯಾರಾದರೂ ಮೇಲಿಂದ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ನಿಮ್ಮ ಮನೆಗಳಲ್ಲೂ ಈ ಕಥೆ ಇದ್ದೇ ಇರುತ್ತದೆ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಕುಡಿದರು ಎಂದು ನಾವು ಪ್ರತಿ ವರ್ಷ ಹೇಳುತ್ತೇವೆ. ಅದರ ಎಷ್ಟೋ ವರ್ಷದ ಮೇಲೂ ನಮ್ಮ ಆಯಿ ಬಾವಿಯ ದೂರದಲ್ಲೇ ಕೂತಿದ್ದಳು.

ಮೊದಲ ಸಲ ನಾನು ಬರೆದದ್ದು ಹೀಗಿತ್ತು:

ನಿರೂಪಕ: ಅದು ಅಸ್ಪೃಶ್ಯತೆಯ ಕರಾಳ ಕಾಲ. ಸಾರ್ವಜನಿಕ ಬಾವಿಯ ಜಲವು ದಲಿತರಿಗೆ ನಿಷಿದ್ಧವಾಗಿತ್ತು. ಅಗೋ, ಅಲ್ಲೊಬ್ಬ ಅಬಲೆಯು ಬರಿದಾದ ಕೊಡವನ್ನು ಹಿಡಿದು ದೀನಳಾಗಿ ನಿಂತಿರುವಳು.

ಗೌಡತಿ: ಏ, ದೂರ ನಿಲ್ಲು!

ನಿರೂಪಕ: ಆ ಮಾತು ಕೇಳಿ ಅವಳ ಕಣ್ಣುಗಳು ತುಂಬಿ ಬಂದವು.

ನಗಬ್ಯಾಡ್ರಿ. ಬರೆಯುವಾಗ ನನಗೆ ಬಹಳ ಛಲೋ ಅನ್ನಿಸಿತ್ತು. ನಿರೂಪಕನಾಗಿ ನಾನೇ ಓದಿದೆ, ವಾರ್ತೆ ಓದುವವರ ಧ್ವನಿ ಮಾಡಿ. ರೆಕಾರ್ಡ್ ಆದ ಮೇಲೆ ರಾತ್ರಿ ಆಯಿಗೆ ಕೇಳಿಸಿದೆವು. ಆಕೆ ಪೂರ್ತಿ ಕೇಳಿದಳು. ಮುಗಿದ ಮೇಲೆ ಎಲಿ ಅಡಿಕಿ ಬಾಯಿಗೆ ಹಾಕಿಕೊಂಡು ಹೇಳಿದಳು: "ಛಂದ ಅದ ಮಗಾ. ಖರೆ ಇದರಾಗ ನಾ ಎಲ್ಲಿದ್ದೀನಿ? ಬಾವಿ ಅದ, ಗೌಡತಿ ಅದಾಳ, ನೀ ಅಂತೂ ಮಾತಾಡೇ ಮಾತಾಡ್ಲತ್ತಿ. ನಾ ಎಲ್ಲಿ?"

ಆ ರಾತ್ರಿ ನಾನು ಬರೆದದ್ದನ್ನು ತೆಗೆದು ಎಣಿಸಿದೆ. ನಿರೂಪಕನಿಗೆ ಮೂವತ್ತೊಂದು ಸಲ ಮಾತು. ಗೌಡತಿಗೆ ಒಂಬತ್ತು ಸಲ. ಆಯಿಗೆ ಎರಡು ಸಲ, ಎರಡೂ "ನೀರ್ ಹಾಕ್ರಿ ಯವ್ವಾ" ಎಂಬುದೇ. ಆಯಿಯ ಕಥೆ ಎಂದು ಹೆಸರಿಟ್ಟು ಆಯಿಯನ್ನೇ ಹೊರಗೆ ಕೂಡಿಸಿದ್ದೆವು. ಬಾವಿಯ ಹತ್ತಿರ ಅವರು ಮಾಡಿದ್ದನ್ನೇ ನಾವು ಕಾಗದದ ಮೇಲೆ ಮಾಡಿದ್ದೆವು.

ನಿರೂಪಕನ ಧ್ವನಿಗೆ ಅಷ್ಟು ಬಲ ಯಾಕೆ ಬರುತ್ತದೆ? ಕೇಳುವವರು ಅಧಿಕಾರದ ಧ್ವನಿಯನ್ನು ಬೇಗ ನಂಬುತ್ತಾರೆ, ಅದಕ್ಕೆ. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬವರು 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಥೆಯನ್ನು ರೇಡಿಯೋ ನಾಟಕ ಮಾಡಿದರು. ಮಂಗಳ ಗ್ರಹದವರು ಭೂಮಿಗೆ ಇಳಿದ ಕಥೆ. ಅದನ್ನು ಅವರು ಸುಮ್ಮನೆ ಕಥೆಯ ಹಾಗೆ ಹೇಳಲಿಲ್ಲ. ಸಂಗೀತ ಕಾರ್ಯಕ್ರಮ ನಡೆದಂತೆ ಮಾಡಿ, ನಡುನಡುವೆ ನಿಲ್ಲಿಸಿ, ಇದೀಗ ಬಂದ ಸುದ್ದಿ ಎಂದು ವಾರ್ತೆಯ ಧ್ವನಿಯಲ್ಲಿ ಹೇಳಿಸಿದರು. ನಡುವೆ ರೇಡಿಯೋ ಹಚ್ಚಿದ ಕೆಲವರು ಖರೆ ಸುದ್ದಿ ಎಂದೇ ತಿಳಿದು ಗಾಬರಿಯಾದರು. ಮಾತು ಸುಳ್ಳು, ಜೋಡಿಸಿದ ರೀತಿ ಖರೆ. ಅದೇ ನಾಟಕದಲ್ಲಿ ಸ್ಥಳದಿಂದ ವರದಿ ಮಾಡುತ್ತಿದ್ದವನ ಧ್ವನಿ ಒಮ್ಮೆಲೇ ನಡುವೆ ನಿಂತುಹೋಗುತ್ತದೆ. ಏನೂ ಇಲ್ಲ, ಬರೀ ಮೌನ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಆ ಮೌನವೇ. ಆದರೆ ಒಂದು ಗಮನಿಸ್ರಿ. ಅಷ್ಟು ಹೊತ್ತು ಅವನ ಮಾತು ಕೇಳಿರುವುದರಿಂದ ಆ ಮೌನ ಅವನದು ಎಂದು ನಮಗೆ ಗೊತ್ತಾಗುತ್ತದೆ. ಮೊದಲು ಮಾತು ಕೊಡದೆ ಮೌನ ಕೊಟ್ಟರೆ ಅದು ಮೌನ ಅಲ್ಲ, ರೆಕಾರ್ಡಿಂಗ್ ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ. ನಮ್ಮ ಮೊದಲ ಕಥೆಯಲ್ಲಿ ಆಯಿಯ ಮೌನ ಯಾರಿಗೂ ತಟ್ಟಲಿಲ್ಲ, ಯಾಕಂದರೆ ಆಯಿಯ ಮಾತೇ ಯಾರಿಗೂ ಪರಿಚಯ ಇರಲಿಲ್ಲ.

ಎರಡನೇ ಸಲ ಬರೆಯುವ ಮೊದಲು ಆಯಿಯ ಮುಂದೆ ಮೊಬೈಲ್ ಇಟ್ಟು ಕೂತೆವು. ನೀರು ಹೇಗೆ ಕೇಳುತ್ತಿದ್ದಿರಿ ಎಂದು ಕೇಳಿದೆ. ಆಕೆ ಹೇಳಿದ್ದು: "ಎಲ್ಲಿ ಕೂಗ್ತಿದ್ದೆವೋ ಯಪ್ಪಾ. ಅಕಿ ಹೆಸರ ಹಿಡದು ಕರೀಲಾಕ ಬರ್ತಿದ್ದಿಲ್ಲ. ಕೆಮ್ಮತಿದ್ದೆವು. ಒಂದ್ ಸಲ ಕೆಮ್ಮದು, ಸುಮ್ನ ಕುಂದ್ರದು. ಮತ್ತೊಂದ್ ಸಲ ಕೆಮ್ಮದು. ಅಕಿ ಮನಸಿಗಿ ಬಂದಾಗ ಹೊಳ್ಳಿ ನೋಡತಿದ್ಳು." ಮತ್ತೆ ಅಳುತ್ತಿದ್ದಿರೇನು ಎಂದರೆ ನಕ್ಕಳು. "ಅಳಲಾಕ ಏನಾಗಿತ್ತು? ನಾಕು ಮಂದಿ ಗೆಳತ್ಯಾರು ಇರ್ತಿದ್ದೆವು. ಗೌಡತಿ ನಡಿಗಿ ಹ್ಯಾಂಗದ ಅಂತ ನಮ್ಮೊಳಗ ನಾವೇ ಅಣಕಸ್ತಿದ್ದೆವು."

ನಾನು ಬರೆದ ಕಣ್ಣೀರು ಸುಳ್ಳು. ಕೆಮ್ಮು ಖರೆ, ನಗು ಖರೆ. ಇವೆರಡೂ ರೇಡಿಯೋಕ್ಕೆ ಹೇಳಿ ಮಾಡಿಸಿದಂಥವು, ಕಣ್ಣೀರಿಗೆ ಸಪ್ಪಳವೇ ಇಲ್ಲ.

ಇಲ್ಲೇ ನಮಗೆ ದೊಡ್ಡ ಪೇಚು ಬಂತು. ರೇಡಿಯೋ ನಾಟಕ ಬರೆಯುವವರೆಲ್ಲ ಪಾಲಿಸುವ ಒಂದು ಪಾಠ ಇದೆ: ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲಿ. ಮುಖ ಕಾಣುವುದಿಲ್ಲವಲ್ಲ, ಹೆಸರು ಕೇಳಿದರೇ ಯಾರು ಯಾರಿಗೆ ಮಾತಾಡುತ್ತಿದ್ದಾರೆ ಎಂದು ತಿಳಿಯುವುದು. ವಿವಿಧ ಭಾರತಿಯ 'ಹವಾ ಮಹಲ್' ಕೇಳಿದರೆ ನಿಮಗೇ ಗೊತ್ತಾಗುತ್ತದೆ, ಶುರುವಿನ ನಾಲ್ಕು ಮಾತಿನಲ್ಲೇ ಯಾರ ಹೆಸರೇನು, ಯಾರು ಯಾರಿಗೆ ಏನಾಗಬೇಕು ಎಂದು ತಿಳಿಸಿಬಿಡುತ್ತಾರೆ. ಆದರೆ ನಮ್ಮ ಬಾವಿಯ ಹತ್ತಿರ ಆ ಪಾಠ ನಡೆಯುವುದಿಲ್ಲ. ಆಯಿ ಗೌಡತಿಯ ಹೆಸರು ಹೇಳುವಂತಿಲ್ಲ. ಗೌಡತಿ ಆಯಿಯ ಹೆಸರು ಹೇಳುವುದಿಲ್ಲ, ಕರೆದರೆ ಜಾತಿ ಹಿಡಿದು ಕರೆಯುತ್ತಾಳೆ. ಹೆಸರೇ ಇಲ್ಲದ ಜಾಗದಲ್ಲಿ ಹೆಸರಿನಿಂದ ಗುರುತು ಮಾಡಿಸುವುದು ಹೇಗೆ?

ಎರಡು ದಿನ ತಲೆ ಕೆಡಿಸಿಕೊಂಡೆವು. ಕಡೆಗೆ ಸಂಘದ ಒಬ್ಬ ತಂಗಿ ಹೇಳಿದಳು, ಬಾವಿಯಿಂದ ಯಾಕ ಶುರು ಮಾಡಬೇಕು, ದಾರಿಯಿಂದ ಶುರು ಮಾಡ್ರಿ ಅಂತ. ಅಷ್ಟೇ ಸಾಕಾಯಿತು. ಎರಡನೇ ಸಲದ ಶುರು ಹೀಗಿದೆ:

(ಹೆಜ್ಜೆ ಸಪ್ಪಳ. ಖಾಲಿ ಕೊಡ ಒಂದಕ್ಕೊಂದು ತಾಗುವ ಸಪ್ಪಳ.)

ಗೆಳತಿ: (ಆಯಿಯ ಹೆಸರು ಕೂಗಿ) ಲಗೂ ನಡಿ, ಬಿಸಲ ಏರ್ಲತ್ತದ.

ಆಯಿ: ನಡೀಲತ್ತೀನಲ್ಲ. ನನ್ನ ಕಾಲಾಗ ಚಪ್ಪಲ್ ಅವ ಏನು?

ಗೆಳತಿ: ಇದ್ದರೂ ಅಲ್ಲಿಗಿ ಕೈಯಾಗ ಹಿಡಕೊಂಡೇ ಹೋಗಬೇಕಲ್ಲ.

(ಇಬ್ಬರೂ ನಗುತ್ತಾರೆ. ಬಾವಿಯ ಗಡಗಡಿ ಸಪ್ಪಳ ಹತ್ತಿರ ಬಂದಂತೆ ನಗು ನಿಲ್ಲುತ್ತದೆ.)

ಆಯಿ: (ಕೆಮ್ಮು)

(ಗಡಗಡಿ ಸಪ್ಪಳ.)

ಆಯಿ: (ಮತ್ತೆ ಕೆಮ್ಮು)

ಗೌಡತಿ: (ದೂರದಿಂದ) ಯಾರದು?

ಗೆಳತಿ: ನಾವೇರಿ ಯವ್ವಾ.

ಗೌಡತಿ: ನಾವ್ ಅಂದ್ರ ಯಾರು?

(ಮೌನ.)

ದಾರಿಯಲ್ಲಿ ಗೆಳತಿ ಆಯಿಯನ್ನು ನಾಲ್ಕು ಸಲ ಹೆಸರು ಹಿಡಿದು ಕರೆಯುತ್ತಾಳೆ. ಕೇಳುವವರಿಗೆ ಆ ಹೆಸರು, ಆ ಧ್ವನಿ, ಆ ನಗು ಪರಿಚಯ ಆಗಿಬಿಟ್ಟಿರುತ್ತದೆ. ಬಾವಿಯ ಹತ್ತಿರ ಬಂದ ಕೂಡಲೇ ಹೆಸರು ಮಾಯ. "ನಾವ್ ಅಂದ್ರ ಯಾರು" ಎಂದಾಗ ಉತ್ತರವಾಗಿ ಜಾತಿಯನ್ನೇ ಹೇಳಬೇಕು, ಬೇರೆ ಉತ್ತರ ಅಲ್ಲಿ ನಡೆಯುವುದಿಲ್ಲ. ನಾವು ಆ ಉತ್ತರ ಬರೆಯಲಿಲ್ಲ. ನಾಲ್ಕು ಸೆಕೆಂಡು ಮೌನ ಇಟ್ಟೆವು. ಓಣಿಯಲ್ಲಿ ಮೊನ್ನೆ ಕೇಳಿಸಿದಾಗ ಆ ನಾಲ್ಕು ಸೆಕೆಂಡಿನಲ್ಲಿ ಹಿಂದೆ ಕೂತ ಒಬ್ಬ ಸಣ್ಣ ಹುಡುಗ ಆಯಿಯ ಹೆಸರನ್ನು ಜೋರಾಗಿ ಹೇಳಿಬಿಟ್ಟ. ಯಾರೂ ನಗಲಿಲ್ಲ.

ಮೈಕಿನ ದೂರದ ಬಗ್ಗೆಯೂ ಒಂದು ಮಾತು ಹೇಳಬೇಕು. ಮೊದಲ ಸಲ ಮೊಬೈಲನ್ನು ನಿರೂಪಕನ ಬಾಯಿ ಹತ್ತಿರ ಇಟ್ಟಿದ್ದೆವು, ಉಳಿದವರು ಸುತ್ತ ನಿಂತಿದ್ದರು. ಎರಡನೇ ಸಲ ಆಯಿಯ ಪಾತ್ರದವಳ ಹತ್ತಿರ ಇಟ್ಟೆವು, ಗೌಡತಿಯ ಪಾತ್ರದವಳನ್ನು ಬಾಗಿಲ ಆಚೆ ನಿಲ್ಲಿಸಿದೆವು. ಮೈಕು ಯಾರ ಹತ್ತಿರ ಇರುತ್ತದೋ ಕೇಳುವವರು ಅವರ ಪಕ್ಕದಲ್ಲಿ ಕೂತಿರುತ್ತಾರೆ. ಅವತ್ತು ನಮ್ಮವರನ್ನು ದೂರ ಕೂಡಿಸಿದ್ದರು. ಈಗ ಕಥೆ ಕೇಳುವ ಪ್ರತಿಯೊಬ್ಬರೂ, ಅವರು ಯಾವ ಜಾತಿಯವರೇ ಆಗಲಿ, ಆಯಿಯ ಜೊತೆ ದೂರದಲ್ಲೇ ಕೂತು ಗೌಡತಿಯ ಧ್ವನಿ ಕೇಳಬೇಕು. ನಿರೂಪಕನ ಮೂವತ್ತೊಂದು ಮಾತಿನಲ್ಲಿ ಹೇಳಲು ಆಗದ್ದು ಒಂದು ಬಾಗಿಲಿನ ದೂರದಲ್ಲಿ ಆಯಿತು.

ಇನ್ನು ಭಾಷೆ. ನಾವು ಗಡಿಯವರು. 1956ರ ತನಕ ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಈಗ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಬಾಜಾರಿನಲ್ಲಿ ಉರ್ದು. ಕಾಲೇಜಿನಲ್ಲಿ ನಾನು ಬಾಯಿ ಬಿಟ್ಟರೆ ಕೆಲವರು ನಗುತ್ತಿದ್ದರು, ಇದು ಯಾವ ಕನ್ನಡ ಎಂದು. ಅದಕ್ಕೇ ಇರಬೇಕು, ನಿರೂಪಣೆಯನ್ನು ನಾನು ಪುಸ್ತಕದ ಕನ್ನಡದಲ್ಲಿ ಬರೆದೆ. ಪಾತ್ರಗಳಿಗೆ ಮಾತ್ರ ಮನೆ ಮಾತು. ಇದು ನನ್ನೊಬ್ಬನ ರೋಗ ಅಲ್ಲ. ಎಷ್ಟೋ ಕಥೆಗಳಲ್ಲಿ ಹೇಳುವವನು ಶುದ್ಧ ಭಾಷೆಯವನು, ನಮ್ಮವರು ಬಾಯಿ ಬಿಟ್ಟರೆ ಅದು ನಗಿಸಲು. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಓದಿದಾಗ ನನಗೆ ಇದು ತಿಳಿಯಿತು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅಲ್ಲಿ ಪಾತ್ರಗಳ ಮಾತೂ ಆ ಸೀಮೆಯದೇ, ಕಥೆ ಹೇಳುವ ಮಾತೂ ಆ ಸೀಮೆಯದೇ. ಅದು ಮೈಸೂರು ಕಡೆಯ ಭಾಷೆ, ನನಗೆ ಓದಲು ಕಷ್ಟವೇ ಆಯಿತು. ಆದರೆ ಧೈರ್ಯ ಬಂತು. ಎರಡನೇ ಸಲ ನಿರೂಪಕನನ್ನು ತೆಗೆದೇಬಿಟ್ಟೆವು. ಕಥೆ ಹೇಳುವುದು ಮುದುಕಿಯಾದ ಆಯಿಯೇ, ತನ್ನ ಮಾತಿನಲ್ಲೇ. ನಡುವೆ ಮೊಮ್ಮಗ ಪ್ರಶ್ನೆ ಕೇಳುತ್ತಾನೆ, ಆಕೆ ಹೇಳುತ್ತಾಳೆ, ಹೇಳುತ್ತ ಹೇಳುತ್ತ ಬಾವಿಯ ದೃಶ್ಯಕ್ಕೆ ಹೋಗುತ್ತೇವೆ. ಮೂವತ್ತೊಂದು ಸಲ ಮಾತಾಡಿದ್ದ ನನಗೆ ಈಗ ಏಳು ಪ್ರಶ್ನೆ ಮಾತ್ರ.

ಸಂಬೋಧನೆಯನ್ನೂ ಮರೀಬ್ಯಾಡ್ರಿ. 'ಏ', 'ಲೇ', 'ನೀ', 'ನೀವು', 'ರೀ', 'ಯವ್ವಾ', ಇವು ಸಣ್ಣ ಮಾತುಗಳು. ಆದರೆ ಕಣ್ಣಿಗೆ ಏನೂ ಕಾಣದ ರೇಡಿಯೋದಲ್ಲಿ ಜಾತಿ ಕೇಳಿಸುವುದು ಇವುಗಳಲ್ಲೇ. ಹತ್ತು ವರ್ಷದ ಗೌಡರ ಹುಡುಗ ಅರವತ್ತು ವರ್ಷದ ನಮ್ಮ ಮುತ್ಯಾನಿಗೆ 'ಲೇ' ಅನ್ನುತ್ತಾನೆ, ಮುತ್ಯಾ ಅವನಿಗೆ 'ರೀ' ಅನ್ನುತ್ತಾನೆ. ಇದನ್ನು ಹಾಗೇ ಬರೆದರೆ ಸಾಕು. ಇದು ಅನ್ಯಾಯ ಎಂದು ನಿರೂಪಕ ಬಂದು ಹೇಳಬೇಕಾಗಿಲ್ಲ, ಕೇಳುವವರಿಗೆ ಕಿವಿ ಇದೆ.

ಇದೆಲ್ಲ ದೊಡ್ಡ ಸ್ಟುಡಿಯೋದವರ ಕೆಲಸ, ನಮ್ಮದಲ್ಲ ಎಂದು ಯಾರಾದರೂ ಅಂದರೆ ನಮ್ಮ ಮಗ್ಗುಲಿಗೇ ಉತ್ತರ ಇದೆ. ಜಹೀರಾಬಾದ್ ಹತ್ತಿರದ ಮಾಚನೂರಿನ ಸಂಗಮ್ ರೇಡಿಯೋ 2008ರ ಅಕ್ಟೋಬರ್ 15ರಂದು 90.4 ಎಫ್.ಎಂ.ನಲ್ಲಿ ಶುರುವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳೇ ಅದನ್ನು ನಡೆಸಿದರು. ಅದನ್ನು ಕಟ್ಟಿದವರಲ್ಲಿ ಇಬ್ಬರ ಹೆಸರೂ ನರಸಮ್ಮ, ಒಬ್ಬರು ಜನರಲ್ ನರಸಮ್ಮ, ಇನ್ನೊಬ್ಬರು ಆಲ್ಗೋಲ್ ನರಸಮ್ಮ. ಲೈಸೆನ್ಸ್ ಸಿಗುವ ಮೊದಲು ಟೇಪಿನಲ್ಲಿ ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಅವರ ಭಾಷೆ ಇಲ್ಲಿಯ ತೆಲುಗು, ಪುಸ್ತಕದ ತೆಲುಗು ಅಲ್ಲ. ಬಿತ್ತನೆ ಬೀಜದ ವಿಷಯ ಇದ್ದರೆ ಪಂಡಿತರ ಭಾಷಣ ಇಲ್ಲ, ಹೊಲ ಮಾಡುವ ಹೆಂಗಸರೇ ಕೂತು ಮಾತಾಡುತ್ತಾರೆ, ನಡುವೆ ಹಾಡು. ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಇಂಥದೊಂದು ಇರುವಾಗ ನಾನು ವಾರ್ತೆ ಓದುವವರ ಧ್ವನಿ ಅಣಕಿಸುತ್ತಿದ್ದೆ. ನನಗೇ ನಾಚಿಕೆ ಆಯಿತು.

ಈಗ ನಿಮಗೆ ನನ್ನ ವಿನಂತಿ. ನಿಮ್ಮ ಮನೆಯ ಕಥೆಗಳನ್ನೂ ಹೀಗೆ ಮಾಡ್ರಿ. ಮೊದಲು ಹಿರಿಯರ ಮುಂದೆ ಮೊಬೈಲ್ ಇಟ್ಟು ಸುಮ್ಮನೆ ಕೇಳ್ರಿ, ನಡುವೆ ಬಾಯಿ ಹಾಕಬ್ಯಾಡ್ರಿ. ಪಾತ್ರ ನಾಲ್ಕೈದಕ್ಕಿಂತ ಹೆಚ್ಚು ಬೇಡ, ಧ್ವನಿಗಳು ಒಂದರ ಹಾಗೆ ಇನ್ನೊಂದು ಇರಬಾರದು. ಮಾತು ಸಣ್ಣದಿರಲಿ, ಒಂದೇ ಉಸಿರಿಗೆ ಮುಗಿಯಲಿ. ಕೋಣೆಯ ಗೋಡೆಗೆ ಕೌದಿ ಕಟ್ಟಿದರೆ ಮಾರ್ದನಿ ಬರುವುದಿಲ್ಲ. ಫ್ಯಾನ್ ಆರಿಸ್ರಿ. ನಮ್ಮ ರೆಕಾರ್ಡಿಂಗಿನಲ್ಲಿ ಒಂದು ಎಮ್ಮೆ ಕೂಗಿದ್ದು ಹಾಗೇ ಉಳಿದಿದೆ, ಅದು ಕಥೆಗೆ ಹೊಂದಿತು ಎಂದು ಬಿಟ್ಟೆವು. ಬರೆದ ಮೇಲೆ ಯಾರಿಗೆ ಎಷ್ಟು ಸಲ ಮಾತು ಕೊಟ್ಟಿದ್ದೀರಿ ಎಂದು ಎಣಿಸ್ರಿ. ಎಣಿಸಿದರೆ ನಿಮಗೇ ಗೊತ್ತಾಗುತ್ತದೆ, ಅದು ಯಾರ ಕಥೆ ಎಂದು.

1920ರ ಜನವರಿ 31ರಂದು ಬಾಬಾಸಾಹೇಬರು ತಮ್ಮ ಮೊದಲ ಪತ್ರಿಕೆ ಶುರು ಮಾಡಿದಾಗ ಅದಕ್ಕೆ 'ಮೂಕನಾಯಕ' ಎಂದು ಹೆಸರಿಟ್ಟರು. ನಮ್ಮ ಆಯಿಗಳು ಮೂಕರಾಗಿರಲಿಲ್ಲ. ದಾರಿಯುದ್ದಕ್ಕೂ ಮಾತಾಡುತ್ತಿದ್ದರು, ನಗುತ್ತಿದ್ದರು. ಬಾವಿಯ ಹತ್ತಿರ ಮಾತ್ರ ಅವರನ್ನು ಮೂಕರನ್ನಾಗಿ ಮಾಡಿದ್ದರು. ನಾವು ಓದಿದ ಮಕ್ಕಳು ಅವರ ಪರವಾಗಿ ಮಾತಾಡುತ್ತೇವೆ ಎಂದು ಹೋಗಿ ಮತ್ತೊಮ್ಮೆ ಅವರ ಬಾಯಿ ಮುಚ್ಚಬಾರದು.

ನಮ್ಮ ಕಥೆಯ ಕಡೆಯ ಮಾತು ಆಯಿಯದೇ. ಮೊಮ್ಮಗ ಕೇಳುತ್ತಾನೆ, ಆಯೀ, ಅವತ್ತು ಗೌಡತಿಗೆ ಏನು ಉತ್ತರ ಕೊಡಬೇಕಂತಿದ್ದಿ? ಆಯಿ ತನ್ನ ಹೆಸರು ಹೇಳುತ್ತಾಳೆ. ಅದನ್ನು ಪಾತ್ರದವಳು ಹೇಳಿಲ್ಲ, ಖುದ್ದು ನಮ್ಮ ಆಯಿಯೇ ಮೈಕಿನ ಮುಂದೆ ಕೂತು ಹೇಳಿದ್ದಾಳೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವಾರ್ಷಿಕೋತ್ಸವದ ದಿನ ಸಂಜೆ ಬಂದು ಆಕೆಯ ಬಾಯಿಂದಲೇ ಕೇಳ್ರಿ.

ಜೈ ಭೀಮ್.